ವಿಳಾಸವಿಲ್ಲದವರ ಆರೈಕೆ ಮತ್ತು ನಮ್ಮ ಪ್ರಶ್ನಾವಳಿಗಳು

ನಮ್ಮ ರಾಜ್ಯದ ಯಾವುದೇ ಹಳೆಯ ನರ್ಸಿಂಗ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಎಂ.ಎಸ್ಸಿ. ಪ್ರಬಂಧಗಳನ್ನು ಜೋಡಿಸಿಟ್ಟ ಕಪಾಟಿನ ಮುಂದೆ ನಿಂತು ಶೀರ್ಷಿಕೆಗಳನ್ನು ಓದುತ್ತ ಹೋದರೆ, ಒಂದೇ ಅಧ್ಯಯನ ಬೇರೆ ಬೇರೆ ಊರುಗಳ ಹೆಸರು ಹೊತ್ತು ಮತ್ತೆ ಮತ್ತೆ ಎದುರಾಗುತ್ತದೆ. ಆಯ್ದ ಪ್ರದೇಶದ ವಲಸೆ ಕಾರ್ಮಿಕ ತಾಯಂದಿರಲ್ಲಿ ರಕ್ತಹೀನತೆಯ ಕುರಿತ ತಿಳಿವಳಿಕೆಯ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ ಎಂದು ಒಂದು. ಇನ್ನೊಂದರಲ್ಲಿ ರಕ್ತಹೀನತೆಯ ಜಾಗದಲ್ಲಿ ಲಸಿಕೆ, ಮತ್ತೊಂದರಲ್ಲಿ ಮುಟ್ಟಿನ ನೈರ್ಮಲ್ಯ. ಒಳಗಿನ ವಿಧಾನವೂ ಹೆಚ್ಚುಕಡಿಮೆ ಒಂದೇ. ಮೊದಲು ಒಂದು ಪರೀಕ್ಷೆ, ಬಳಿಕ ಫ್ಲ್ಯಾಶ್ ಕಾರ್ಡ್ ಹಿಡಿದು ಮುಕ್ಕಾಲು ಗಂಟೆಯ ಪಾಠ, ಏಳನೆಯ ದಿನ ಮತ್ತದೇ ಪರೀಕ್ಷೆ. ಅಂಕಗಳು ಏರಿವೆ, ವ್ಯತ್ಯಾಸ 0.05ರ ಮಟ್ಟದಲ್ಲಿ ಗಣನೀಯವಾಗಿದೆ (ಬರೀ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರ ಒಪ್ಪುವ ಮಟ್ಟ), ಆದ್ದರಿಂದ ಬೋಧನೆ ಪರಿಣಾಮಕಾರಿ. ಪಾಠ ಹೇಳಿದ ವಾರದೊಳಗೆ ಅದೇ ಪ್ರಶ್ನೆಗಳನ್ನು ಕೇಳಿದರೆ ಅಂಕ ಏರದೆ ಇನ್ನೇನಾದೀತು ಎಂದು ಮೌಖಿಕ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ಸಮುದಾಯ ಆರೋಗ್ಯ ಶುಶ್ರೂಷೆಯನ್ನು ಕಲಿಸುವುದು, ಇಂಥ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡುವುದು ನನ್ನ ಕೆಲಸ. ಈ ಅಧ್ಯಯನಗಳ ಸಂಖ್ಯಾಶಾಸ್ತ್ರದ ಬಗ್ಗೆ ನನಗೆ ಅಷ್ಟೇನೂ ತಕರಾರಿಲ್ಲ. ಕೊರತೆ ಇರುವುದು ಆ ತಾಯಿಯ ತಲೆಯೊಳಗೆ ಎಂದು ಅವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತವಲ್ಲ, ತಕರಾರು ಅದರ ಬಗ್ಗೆ. ಆರೋಗ್ಯ ಸಮಾನತೆಯ ಬಗ್ಗೆ ಪೀಠಿಕೆಯಲ್ಲಿ ಎರಡು ಪುಟ ಬರೆದು, ಅಳತೆಗೋಲನ್ನು ಮಾತ್ರ ವಲಸೆ ಬಂದವಳ ಮೇಲೆಯೇ ಇಡುತ್ತೇವೆ. ಅವಳು ಹೋಗಿ ನಿಂತ ಆರೋಗ್ಯ ಕೇಂದ್ರದ ಮೇಲೆ, ಅಲ್ಲಿನ ನೋಂದಣಿ ಪುಸ್ತಕದ ಮೇಲೆ, ಆ ಪುಸ್ತಕದ ಹಿಂದೆ ಕುಳಿತ ನಮ್ಮದೇ ವೃತ್ತಿಯವರ ಮೇಲೆ ಇಡುವುದಿಲ್ಲ.

ವಿಧಾನದ ಅಧ್ಯಾಯದಲ್ಲಿ ಸೇರ್ಪಡೆಯ ಮಾನದಂಡಗಳು ಎಂಬ ಅರ್ಧ ಪುಟ ಇರುತ್ತದೆ. ಯಾರೂ ಗಮನವಿಟ್ಟು ಓದದ ಆ ಅರ್ಧ ಪುಟದಲ್ಲಿಯೇ ಅಧ್ಯಯನದ ಹಣೆಬರಹ ನಿರ್ಧಾರವಾಗಿರುತ್ತದೆ. ಕನ್ನಡ ಅಥವಾ ಇಂಗ್ಲಿಷ್ ಬಲ್ಲವರು, ಆ ಪ್ರದೇಶದಲ್ಲಿ ಕನಿಷ್ಠ ಆರು ತಿಂಗಳಿಂದ ವಾಸವಿರುವವರು, ಮಾಹಿತಿ ಸಂಗ್ರಹದ ವೇಳೆಯಲ್ಲಿ ಲಭ್ಯರಿರುವವರು ಎಂದು ಬರೆದುಬಿಟ್ಟರೆ ಒಡಿಶಾದಿಂದ, ಬಿಹಾರದಿಂದ, ಪಶ್ಚಿಮ ಬಂಗಾಳದಿಂದ ಬಂದವರೆಲ್ಲ ಮೊದಲ ಸಾಲಿನಲ್ಲಿಯೇ ಹೊರಬೀಳುತ್ತಾರೆ; ಅಡಿಪಾಯದ ಕೆಲಸ ಮುಗಿದೊಡನೆ ಇನ್ನೊಂದು ಸೈಟಿಗೆ ಹೊರಡುವವರು ಎರಡನೆಯ ಸಾಲಿನಲ್ಲಿ; ಮಾಹಿತಿ ಸಂಗ್ರಹದ ವೇಳೆ ಎಂದರೆ ಕಾಲೇಜಿನ ಬಸ್ಸು ಓಡುವ ವೇಳೆ, ಅಂದರೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ, ಆದ್ದರಿಂದ ಆ ಹೊತ್ತಿನಲ್ಲಿ ತಲೆಯ ಮೇಲೆ ಬಾಣಲೆ ಹೊತ್ತು ಮೂರನೆಯ ಮಹಡಿಯಲ್ಲಿರುವವರು ಕೊನೆಯ ಸಾಲಿನಲ್ಲಿ. ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವ ಅರವತ್ತು ಮಂದಿ ಶೆಡ್ಡಿನಲ್ಲಿ ಮಗು ನೋಡಿಕೊಳ್ಳಲು ಉಳಿದವರು, ಮೇಸ್ತ್ರಿಯ ಮನೆಯವರು, ವರ್ಷಗಟ್ಟಲೆ ಅಲ್ಲೇ ನೆಲೆನಿಂತವರು. ವಲಸೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಅತಿ ಕಡಿಮೆ ವಲಸೆ ಹೋಗುವವರೇ ತುಂಬಿರುತ್ತಾರೆ.

ಸರ್ಕಾರಿ ಲೆಕ್ಕಕ್ಕೂ ಇವರು ಸುಲಭವಾಗಿ ಸಿಗುವವರಲ್ಲ. 2011ರ ಜನಗಣತಿಯಲ್ಲಿ ಹಿಂದಿನ ವಾಸಸ್ಥಳ ಬಿಟ್ಟು ಬೇರೆಡೆ ಇರುವವರ ಸಂಖ್ಯೆ ಸುಮಾರು 45 ಕೋಟಿ ಎಂದು ದಾಖಲಾಗಿದೆಯಾದರೂ ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಂಗಸರದು. ತೊಗರಿ ರಾಶಿ ಮುಗಿಸಿ ಗುಳೆ ಹೊರಟು, ಮುಂಗಾರು ಬಿತ್ತನೆಗೆ ಊರಿಗೆ ಮರಳುವ ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯ ಕುಟುಂಬಗಳನ್ನು ಆ ಎಣಿಕೆ ಸರಿಯಾಗಿ ಹಿಡಿಯಲಾರದು.

ವಿದ್ಯಾರ್ಥಿನಿಯರ ಜೊತೆ ಸರ್ಜಾಪುರ ರಸ್ತೆಯ ಆಚೆಗಿನ ಒಂದು ಲೇಬರ್ ಕ್ಯಾಂಪಿಗೆ ಹೋದಾಗ ನೋಡಿದ ಒಂದು ತಾಯಿ ಕಾರ್ಡಿನ ಬಗ್ಗೆ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಯಾದಗಿರಿ ಜಿಲ್ಲೆಯ ಹೆಂಗಸು, ಎರಡನೆಯ ಬಸಿರು, ಏಳು ತಿಂಗಳು ತುಂಬುತ್ತ ಬಂದಿತ್ತು. ಕಾರ್ಡನ್ನು ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ, ತಗಡಿನ ಗೋಡೆಗೂ ಅದನ್ನು ಹಿಡಿದ ಕೋಲಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಸಿದ್ದಳು; ಮಳೆ ನೀರು ಆ ಮೂಲೆಗೆ ಬರುವುದಿಲ್ಲವಂತೆ. ಮೊದಲ ಪುಟದಲ್ಲಿ ಅವಳ ಊರಿನ ಉಪಕೇಂದ್ರದ ಎ.ಎನ್.ಎಂ. (ಸಹಾಯಕ ನರ್ಸ್-ಸೂಲಗಿತ್ತಿ) ದುಂಡಗೆ ಬರೆದ ಅಕ್ಷರಗಳಿದ್ದವು: ಹೆಸರು, ತೂಕ, ರಕ್ತದೊತ್ತಡ, ಮೊದಲ ಟಿ.ಡಿ. (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದಿನ ದಿನಾಂಕ, ಹಿಮೋಗ್ಲೋಬಿನ್ 8.4, ಅಂದರೆ ರಕ್ತಹೀನತೆ. ಅಲ್ಲಿಂದ ಮುಂದೆ ಮೂರು ತಿಂಗಳ ಮನೆಗಳೆಲ್ಲ ಖಾಲಿ. ವಿದ್ಯಾರ್ಥಿನಿ ಪ್ರಶ್ನಾವಳಿ ತೆರೆದು ಕೇಳುತ್ತ ಹೋದಳು, ಆಕೆ ಒಂದಕ್ಕೂ ತಡವರಿಸಲಿಲ್ಲ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬಾರದು ಎಂದು ಗೊತ್ತಿತ್ತು, ನಿಂಬೆಹುಳಿ ಒಳ್ಳೆಯದೆಂದು ಗೊತ್ತಿತ್ತು, ಮಲ ಕಪ್ಪಾದರೆ ಹೆದರಬಾರದು ಎಂದೂ ಗೊತ್ತಿತ್ತು. ತಿಳಿವಳಿಕೆಯ ಅಂಕ ಪೂರ್ತಿ ಬಂತು. ಮಾತ್ರೆ ಯಾಕೆ ತೆಗೆದುಕೊಳ್ಳುತ್ತಿಲ್ಲ ಎಂಬ ಪ್ರಶ್ನೆ ಪಟ್ಟಿಯಲ್ಲಿ ಇರಲೇ ಇಲ್ಲ, ಅದನ್ನು ನಾವು ಬಾಯಿಮಾತಿಗೆ ಕೇಳಿದಾಗ ಆಕೆ, “ಗುಳಿಗಿ ತಗೋಬೇಕಂತ ಗೊತ್ತೈತ್ರೀ, ಕೊಡೋರ್ಯಾರು?” ಎಂದಳು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಎರಡು ಸಲ ಹೋಗಿದ್ದಳು. ಒಂದು ಸಲ ಕಾರ್ಡು ನೋಡಿ ಇದು ನಿಮ್ಮ ಊರಿನದು, ಅಲ್ಲೇ ತೋರಿಸಿಕೊಳ್ಳಿ ಎಂದಿದ್ದರಂತೆ. ಇನ್ನೊಂದು ಸಲ ಈ ಏರಿಯಾದ ಬಾಡಿಗೆ ಕರಾರು ಇಲ್ಲವೇ ಕರೆಂಟ್ ಬಿಲ್ಲು ತನ್ನಿ ಎಂದಿದ್ದರಂತೆ. ತಗಡಿನ ಶೆಡ್ಡಿಗೆ ಕರಾರು ಎಲ್ಲಿಂದ ಬರಬೇಕು?

ಇವಳು ಕನ್ನಡತಿ, ಇದೇ ರಾಜ್ಯದವಳು, ಕೈಯಲ್ಲಿದ್ದ ಕಾರ್ಡು ಇದೇ ಸರ್ಕಾರ ಕೊಟ್ಟದ್ದು ಎಂಬುದನ್ನು ಗಮನಿಸಬೇಕು. ವಲಸಿಗರ ಆರೋಗ್ಯದ ಮಾತು ಬಂದ ಕೂಡಲೇ ಭಾಷೆಯ ತೊಡಕು, ಸಂಸ್ಕೃತಿಯ ತೊಡಕು ಎಂದು ಶುರುಮಾಡುವ ನಮ್ಮ ಅಭ್ಯಾಸಕ್ಕೆ ಇಂಥ ಒಂದು ಕಾರ್ಡು ಸಾಕಷ್ಟು ಉತ್ತರ ಹೇಳುತ್ತದೆ.

ಹಾಗೆಂದು ಆ ಕೇಂದ್ರದ ಎ.ಎನ್.ಎಂ. ಕಲ್ಲು ಮನಸ್ಸಿನವಳು ಎಂದು ತಿಳಿಯುವುದು ಬೇಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 50,000 ಜನ, ಒಬ್ಬ ಎ.ಎನ್.ಎಂ.ಗೆ ಸುಮಾರು 10,000 ಜನ, ಒಬ್ಬ ಆಶಾ ಕಾರ್ಯಕರ್ತೆಗೆ 200ರಿಂದ 500 ಮನೆ. ನಗರದ ಹೊರವಲಯದಲ್ಲಿ ಈ ಲೆಕ್ಕ ಕಾಗದದ ಮೇಲಷ್ಟೇ ನಿಲ್ಲುತ್ತದೆ, ಯಾಕೆಂದರೆ ಮನೆಗಳ ಎಣಿಕೆ ಮುಗಿದ ಮೇಲೆ ಖಾಲಿ ಸೈಟಿನಲ್ಲಿ ಮುನ್ನೂರು ಶೆಡ್ಡುಗಳು ಏಳುತ್ತವೆ. ಅವುಗಳಲ್ಲಿ ಹುಟ್ಟಿದ ಒಂದು ಕೂಸನ್ನು ಅವಳು ತನ್ನ ಪಟ್ಟಿಗೆ ಸೇರಿಸಿಕೊಂಡರೆ ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರದ ಪೆಂಟಾವಲೆಂಟ್ (ಐದು ರೋಗ ತಡೆಯುವ) ಲಸಿಕೆ, ಒಂಬತ್ತು ತಿಂಗಳಿನ ದಡಾರ-ರುಬೆಲ್ಲಾ ಲಸಿಕೆ ಎಲ್ಲದರ ಹೊಣೆ ಅವಳದಾಗುತ್ತದೆ. ಹತ್ತನೆಯ ವಾರಕ್ಕೆ ಆ ಕುಟುಂಬ ಹೊಸಕೋಟೆಗೋ ಹೈದರಾಬಾದಿಗೋ ಹೋಗಿರುತ್ತದೆ. ತಿಂಗಳ ಸಭೆಯಲ್ಲಿ ಇವಳ ಹೆಸರಿನ ಮುಂದೆ ಡ್ರಾಪ್‌ಔಟ್ ಒಂದು ಹೆಚ್ಚಾಗಿರುತ್ತದೆ. ಸೇರಿಸಿಕೊಳ್ಳದಿದ್ದರೆ ಯಾರೂ ಕೇಳುವವರಿಲ್ಲ, ಸೇರಿಸಿಕೊಂಡರೆ ಉತ್ತರ ಕೊಡಬೇಕು. ಅಸಮಾನತೆ ಹುಟ್ಟುವ ಜಾಗ ಇದು, ಇಲ್ಲಿ ಯಾರ ಸಂಶೋಧನೆಯೂ ನಡೆಯುತ್ತಿಲ್ಲ ಎಂಬುದು ನನ್ನ ಅಸಮಾಧಾನ.

ಚಲಿಸುವ ಜನರನ್ನು ಹಿಂಬಾಲಿಸುವುದು ನಮ್ಮ ವ್ಯವಸ್ಥೆಗೆ ಗೊತ್ತಿಲ್ಲ ಎಂದು ಹೇಳುವಂತಿಲ್ಲ. ಪೋಲಿಯೊ ಕಾಲದಲ್ಲಿ ಇಟ್ಟಿಗೆ ಭಟ್ಟಿ, ಕಟ್ಟಡದ ಸೈಟು, ಅಲೆಮಾರಿಗಳ ಬಿಡಾರ ಎಲ್ಲವನ್ನೂ ನಕ್ಷೆ ಮಾಡಿ, ರೈಲು ನಿಲ್ದಾಣದಲ್ಲಿ ನಿಂತು ಮಕ್ಕಳ ಬಾಯಿಗೆ ಹನಿ ಹಾಕಿದೆವು. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಪತ್ತೆಯಾಯಿತು. 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣ ಸಿಕ್ಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆರಂಭವಾದ ಇಂದ್ರಧನುಷ್ ಲಸಿಕಾ ಅಭಿಯಾನ ಆ ಪಟ್ಟಿಗಳನ್ನೇ ಆಧಾರ ಮಾಡಿಕೊಂಡಿತು. ಕ್ಷಯರೋಗದಲ್ಲಿ ಸರ್ಕಾರದ ನಿಕ್ಷಯ್ ದಾಖಲೆ ವ್ಯವಸ್ಥೆಯ ಸಂಖ್ಯೆ ರೋಗಿಯ ಜೊತೆ ಊರಿಂದೂರಿಗೆ ಹೋಗುತ್ತದೆ, ಒಂದು ಘಟಕದಿಂದ ಇನ್ನೊಂದಕ್ಕೆ ವರ್ಗಾಯಿಸಲು ದಾರಿಯಿದೆ. ಪಡಿತರ ಚೀಟಿ 2022ರ ಹೊತ್ತಿಗೆ ದೇಶದುದ್ದಕ್ಕೂ ನಡೆಯುವಂತಾಯಿತು. ಗರ್ಭಿಣಿಗೂ ಒಂದು ಆರ್.ಸಿ.ಎಚ್. (ತಾಯಿ-ಮಗುವಿನ ಆರೋಗ್ಯ ದಾಖಲೆಯ) ಸಂಖ್ಯೆ ಇದೆ; ಅದು ಕಂಪ್ಯೂಟರಿನಲ್ಲಿ ಎಲ್ಲೆಡೆ ತೆರೆಯಬಹುದಾದರೂ ಕೌಂಟರಿನಲ್ಲಿ ತೆರೆಯುವುದಿಲ್ಲ. ಈ ಉದಾಹರಣೆಗಳನ್ನು ಒಟ್ಟಿಗೆ ನೋಡಿದಾಗ ನನಗೆ ಕಾಣುವುದೇನೆಂದರೆ, ವಲಸಿಗರ ರೋಗ ಉಳಿದವರಿಗೆ ಹರಡೀತು ಎಂಬ ಭಯ ಇದ್ದ ಕಡೆ ಅವರನ್ನು ಹುಡುಕಿಕೊಂಡು ಹೋಗಿದ್ದೇವೆ. ಏಡ್ಸ್ ನಿಯಂತ್ರಣ ಕಾರ್ಯಕ್ರಮವಂತೂ ವಲಸೆ ಕಾರ್ಮಿಕರನ್ನೂ ಲಾರಿ ಚಾಲಕರನ್ನೂ ಸೋಂಕು ದಾಟಿಸುವ ಸೇತುವೆಯಂಥ ಸಮೂಹ ಎಂದೇ ವರ್ಗೀಕರಿಸಿತು. ರಕ್ತಹೀನತೆ ಯಾರಿಗೂ ಅಂಟುವುದಿಲ್ಲ.

ಸಿದ್ಧಾಂತದ ಕಡೆಗೆ ಒಂದಿಷ್ಟು ಬರಬೇಕು, ಯಾಕೆಂದರೆ ಪ್ರಬಂಧದ ಪ್ರಶ್ನೆ ಹೇಗೆ ಹುಟ್ಟುತ್ತದೆ ಎಂಬುದು ಅಲ್ಲಿಯೇ ತೀರ್ಮಾನವಾಗುವುದು. ನಮ್ಮ ಪಠ್ಯದಲ್ಲಿ ಎಲ್ಲರೂ ಓದುವ ಹೆಸರು ಮ್ಯಾಡೆಲಿನ್ ಲೈನಿಂಜರ್ ಅವರದು. ಅಮೆರಿಕದ ಈ ನರ್ಸ್ ಪಪುವಾ ನ್ಯೂಗಿನಿಯ ಗಾಡ್ಸಪ್ ಜನರ ನಡುವೆ ಇದ್ದು ಮಾನವಶಾಸ್ತ್ರವನ್ನು ಅಭ್ಯಾಸ ಮಾಡಿದವರು. ರೋಗಿಯ ಆಚಾರ, ಆಹಾರ, ನಂಬಿಕೆ ತಿಳಿಯದೆ ಒಳ್ಳೆಯ ಆರೈಕೆ ಸಾಧ್ಯವಿಲ್ಲ ಎಂದು ಹೇಳಿ, ಅಂತರ್‌ಸಾಂಸ್ಕೃತಿಕ ಶುಶ್ರೂಷೆ ಎಂಬ ಶಾಖೆಯನ್ನೇ ಕಟ್ಟಿದರು. ದೊಡ್ಡ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ನಾವು ತರಗತಿಯಲ್ಲಿ ಬಳಸುವ ಬಗೆ ಹೇಗಾಗಿದೆಯೆಂದರೆ, ಇಂಥ ಜನ ಬಾಣಂತಿಗೆ ಇದನ್ನು ಕೊಡುವುದಿಲ್ಲ, ಇಂಥವರು ಅದನ್ನು ತಿನ್ನುವುದಿಲ್ಲ ಎಂಬ ಪಟ್ಟಿ ಬಾಯಿಪಾಠವಾಗಿ ಉಳಿಯುತ್ತದೆ.

ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಪೆಟಿ ರಾಮ್ಸ್‌ಡೆನ್ ಇದನ್ನು ತಿರುಗಿಸಿ ನೋಡಿದರು. 1980ರ ದಶಕದ ಕೊನೆಯಲ್ಲಿ ಮಾವೊರಿ ವಿದ್ಯಾರ್ಥಿನಿಯರ ಅನುಭವದಿಂದ ಹೊರಟ ಅವರ ವಿಚಾರ ಸಾಂಸ್ಕೃತಿಕ ಸುರಕ್ಷತೆ ಎಂಬ ಹೆಸರಿನಲ್ಲಿ ಬೆಳೆದು, 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಶಿಕ್ಷಣದ ಕಡ್ಡಾಯ ಭಾಗವನ್ನಾಗಿ ಮಾಡಿತು. ಅವರ ಪ್ರಕಾರ ನರ್ಸ್ ಮೊದಲು ಪರೀಕ್ಷಿಸಿಕೊಳ್ಳಬೇಕಾದದ್ದು ತನ್ನ ಅಧಿಕಾರವನ್ನು, ತನ್ನ ಪೂರ್ವಗ್ರಹವನ್ನು, ತನ್ನ ಸಂಸ್ಥೆಯ ಚರಿತ್ರೆಯನ್ನು. ಕೊಟ್ಟ ಆರೈಕೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ಹೇಳುವ ಹಕ್ಕು ಅದನ್ನು ಪಡೆದವರಿಗೆ ಸೇರಿದ್ದು. ಅಲ್ಲಿನ ಪತ್ರಿಕೆಗಳಲ್ಲಿ, ರಾಜಕಾರಣದಲ್ಲಿ ಇದರ ವಿರುದ್ಧ ಭಾರೀ ಗದ್ದಲವೇ ಆಯಿತು, ಆದರೂ ಅದು ಉಳಿಯಿತು. ನಮ್ಮಲ್ಲಿ ಜಾತಿಯ ಹಿನ್ನೆಲೆಯಿದೆ, ಉತ್ತರ ಕರ್ನಾಟಕದ ಮಾತಿನ ಧಾಟಿಯನ್ನು ಕೇಳಿ ನಗುವ ವಾರ್ಡುಗಳಿವೆ, ಹೆರಿಗೆ ಕೋಣೆಯಲ್ಲಿ ಏಕವಚನದಲ್ಲಿ ಗದರುವ ರೂಢಿಯಿದೆ; ಇವುಗಳ ಬಗ್ಗೆ ಬಾಯಿ ಬಿಡಲು ಲೈನಿಂಜರ್‌ಗಿಂತ ರಾಮ್ಸ್‌ಡೆನ್ ಹೆಚ್ಚು ನೆರವಾಗುತ್ತಾರೆ ಎಂದು ನನಗೆ ತೋರುತ್ತದೆ.

ಬೆಂಗಳೂರಿನಲ್ಲಿ ನರ್ಸುಗಳೇ ವಲಸಿಗರಾಗಿರುವುದು ಇನ್ನೊಂದು ಸಂಗತಿ. ಕೇರಳ, ಮಣಿಪುರ, ಜಾರ್ಖಂಡ್, ಪಶ್ಚಿಮ ಬಂಗಾಳದ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಓದಿ ಇಲ್ಲಿಯೇ ಕೆಲಸಕ್ಕೆ ಸೇರುತ್ತಾರೆ; ರಾಯಚೂರಿನ ರೋಗಿಯ ಎದುರಿಗೆ ನಿಂತ ಮಣಿಪುರದ ನರ್ಸ್ ಇಬ್ಬರಿಗೂ ಅರ್ಧ ಬರುವ ಹಿಂದಿಯಲ್ಲಿ ನೋವು ಎಲ್ಲಿ ಎಂದು ಕೇಳುತ್ತಾಳೆ. ಇದನ್ನು ಕೊರತೆಯೆಂದು ಮಾತ್ರ ನೋಡಬೇಕಾಗಿಲ್ಲ. ಮಾಲ್ಡಾ ಕಡೆಯ ನಮ್ಮ ಒಬ್ಬ ವಿದ್ಯಾರ್ಥಿನಿ ಬಂಗಾಳಿ ಕುಟುಂಬಗಳ ಶೆಡ್ಡುಗಳಲ್ಲಿ ಒಂದು ಸಂಜೆ ಕುಳಿತು ತಂದ ಮಾಹಿತಿ, ಉಳಿದವರು ವಾರವಿಡೀ ಪ್ರಶ್ನಾವಳಿ ಹಿಡಿದು ತಂದದ್ದಕ್ಕಿಂತ ಎಷ್ಟೋ ಹೆಚ್ಚು ನಂಬುವಂತಿತ್ತು, ಏಕೆಂದರೆ ಅವಳಿಗೆ ದುಭಾಷಿ ಬೇಕಿರಲಿಲ್ಲ.

ದುಭಾಷಿ ಎಂದರೆ ಸಾಮಾನ್ಯವಾಗಿ ಮೇಸ್ತ್ರಿ, ಅಥವಾ ಗಂಡ. ಬಿಳಿ ಸೆರಗು, ಗರ್ಭನಿರೋಧಕ, ಹೊಡೆತ, ಹಿಂದಿನ ಗರ್ಭಪಾತ ಇವನ್ನೆಲ್ಲ ಮೇಸ್ತ್ರಿಯ ಬಾಯಿಂದ ಕೇಳಿಸಿ, ಅವನ ಬಾಯಿಂದಲೇ ಉತ್ತರ ಪಡೆದು, ಕೋಷ್ಟಕದಲ್ಲಿ ಶೇಕಡಾವಾರು ಬರೆಯುವ ಸಂಶೋಧನೆಗೆ ಯಾವ ಬೆಲೆ ಕಟ್ಟೋಣ? ಒಪ್ಪಿಗೆಯ ವಿಷಯವಂತೂ ಇನ್ನೂ ಸೂಕ್ಷ್ಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ವಲಸಿಗರನ್ನೂ ನಿರಾಶ್ರಿತರನ್ನೂ ವಿಶೇಷ ರಕ್ಷಣೆ ಬೇಕಾದ ದುರ್ಬಲ ಸಮೂಹಗಳಲ್ಲಿ ಹೆಸರಿಸಿವೆ. ನಾವು ಮಾಡುವುದು ಮೊದಲು ಬಿಲ್ಡರಿಗೆ ಪತ್ರ ಕೊಟ್ಟು ಸೈಟಿನೊಳಗೆ ಹೋಗಲು ಅನುಮತಿ ಪಡೆಯುವುದು. ಅನುಮತಿ ಕೊಟ್ಟವನು ಕೂಲಿ ಕೊಡುವವನೂ ಆಗಿರುವಾಗ, ಅವನ ಸೂಪರ್‌ವೈಸರ್ ಕರೆದು ನಿಲ್ಲಿಸಿದ ಹೆಂಗಸು ನನಗೆ ಇಷ್ಟವಿಲ್ಲ ಎಂದು ಹೇಳಿಯಾಳೇ? ಹೆಬ್ಬೆಟ್ಟು ಒತ್ತಿಸಿಕೊಂಡ ಹಾಳೆ ಕಡತದಲ್ಲಿ ಭದ್ರವಾಗಿರುತ್ತದೆ. ಭಾನುವಾರ ಬಟವಾಡೆಯಾದ ಮೇಲೆ, ಸೈಟಿನ ಗೇಟಿನ ಹೊರಗೆ, ಸಂತೆಗೆ ಹೊರಟ ಹೆಂಗಸರನ್ನು ಮಾತಾಡಿಸಿದರೆ ಅರ್ಧದಷ್ಟು ಜನ ಒಲ್ಲೆವೆನ್ನುತ್ತಾರೆ. ಆ ನಿರಾಕರಣೆಯ ಪ್ರಮಾಣವನ್ನು ಪ್ರಬಂಧದಲ್ಲಿ ಬರೆಯಲು ನಾಚಬೇಕಾಗಿಲ್ಲ. ಒಪ್ಪಿಗೆಗೆ ಅರ್ಥ ಬರುವುದು ಅದರಿಂದಲೇ.

ತಿಳಿವಳಿಕೆಯನ್ನಷ್ಟೇ ಅಳೆಯುವ ಪದ್ಧತಿ ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯನ್ನು ನೋಡಬಹುದು. ಅಲ್ಲಿಂದ ಪ್ರತಿವರ್ಷ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಗೂ ಜೋಡಿಜೋಡಿಯಾಗಿ ಜನ ಬರುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೋಯ್ತಾ (ಕುಡುಗೋಲು; ಕೂಲಿಯ ಲೆಕ್ಕದಲ್ಲಿ ಒಂದು ಜೋಡಿ), ಮುಂಗಡ ಮೊದಲೇ ಕೈಗೆ ಬಂದಿರುತ್ತದೆ, ಒಂದು ದಿನ ತಪ್ಪಿಸಿದರೆ ದಂಡ. 2019ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿಯ ಸಮೀಕ್ಷೆಯಲ್ಲಿ 82,309 ಹೆಂಗಸರ ಪೈಕಿ 13,861 ಮಂದಿಗೆ ಗರ್ಭಕೋಶ ತೆಗೆದಿರುವುದು ಕಂಡುಬಂತು. ಮುಟ್ಟಿನ ದಿನಗಳಲ್ಲಿ ರಜೆಯಿಲ್ಲದ, ಗದ್ದೆಯ ಬದಿಯಲ್ಲಿ ನೀರು ಶೌಚಾಲಯ ಏನೂ ಇಲ್ಲದ, ಬಿಳಿ ಸೆರಗಿಗೂ ಶಸ್ತ್ರಕ್ರಿಯೆಯೇ ಮದ್ದೆಂದು ಹೇಳುವ ಖಾಸಗಿ ನರ್ಸಿಂಗ್ ಹೋಮುಗಳಿರುವ ಕಡೆ ಇಪ್ಪತ್ತೈದು, ಮೂವತ್ತರ ವಯಸ್ಸಿನವರೂ ಅದಕ್ಕೆ ಒಪ್ಪಿಕೊಂಡಿದ್ದರು. ಅವರಿಗೆ ಮುಟ್ಟಿನ ನೈರ್ಮಲ್ಯದ ಪಾಠ ಹೇಳಿ ಏಳನೆಯ ದಿನ ಅಂಕ ಹಾಕಿದ್ದರೆ ಏನು ಸಿಗುತ್ತಿತ್ತು? ಈ ಸಂಗತಿಯನ್ನು ಬೆಳಕಿಗೆ ತಂದವರು ಪತ್ರಕರ್ತರು, ಮಹಿಳಾ ಸಂಘಟನೆಗಳವರು. ಆ ಶಸ್ತ್ರಕ್ರಿಯೆಗಳಲ್ಲಿ ಪಕ್ಕದಲ್ಲಿ ನಿಂತು ಉಪಕರಣ ಕೊಟ್ಟವರಲ್ಲಿ ನಮ್ಮ ವೃತ್ತಿಯವರೂ ಇದ್ದಿರಲೇಬೇಕು.

ನಿರಾಶ್ರಿತರ ವಿಷಯದಲ್ಲಿ ಕರ್ನಾಟಕದ ಅನುಭವ ಬೇರೆ ಬಗೆಯದು. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಹಾಗಿದ್ದೂ ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯಗಳಲ್ಲಿ 1960ರ ದಶಕದಿಂದೀಚೆಗೆ ನೆಲೆಯೂರಿದ ಟಿಬೆಟನ್ನರಿಗೆ ಭೂಮಿ, ಶಾಲೆ, ತಮ್ಮದೇ ಆಸ್ಪತ್ರೆ, ತಮ್ಮದೇ ಭಾಷೆಯ ಆರೋಗ್ಯ ಕಾರ್ಯಕರ್ತರು ಇದ್ದಾರೆ. ಪೌರತ್ವವಿಲ್ಲದಿದ್ದರೂ ವಿಳಾಸವಿದೆ, ಕಡತವಿದೆ, ಕಡತ ನೋಡಿ ಮನೆಗೆ ಬರುವ ನರ್ಸ್ ಇದ್ದಾಳೆ. ಪೌರತ್ವ, ಮತ, ಆಧಾರ್ ಎಲ್ಲ ಇದ್ದೂ ವಿಳಾಸ, ಕಡತ, ನರ್ಸ್ ಮೂರೂ ಇಲ್ಲದ ಯಾದಗಿರಿಯವಳ ಜೊತೆಗೆ ಇದನ್ನು ಇಟ್ಟು ನೋಡುವ ಒಂದು ಹೋಲಿಕೆಯ ಅಧ್ಯಯನ ಇಷ್ಟು ಹೊತ್ತಿಗೆ ಬರಬೇಕಿತ್ತು.

ಅಲ್ಲಿಯೂ ಎಲ್ಲ ಸಸೂತ್ರವೇನಲ್ಲ. ಮಠಗಳ, ವಸತಿ ಶಾಲೆಗಳ ಒತ್ತೊತ್ತು ಕೋಣೆಗಳಲ್ಲಿ ಕ್ಷಯ ಹರಡುತ್ತದೆ. ಹಿಮಾಚಲ ಪ್ರದೇಶದ ಟಿಬೆಟನ್ ಶಾಲೆಗಳಲ್ಲಿ 2017ರಲ್ಲಿ ಐದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ತಪಾಸಣೆ ಮಾಡಿದಾಗ ಸುಮಾರು ಶೇ. 18ರಷ್ಟು ಮಕ್ಕಳಲ್ಲಿ ಸುಪ್ತ (ಇನ್ನೂ ರೋಗವಾಗಿ ತೋರದ) ಸೋಂಕು ಕಂಡುಬಂದಿತ್ತು. ಚಳಿಗಾಲ ಬಂತೆಂದರೆ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆ ದೇಶದ ನಾನಾ ನಗರಗಳಿಗೆ ಹೊರಡುತ್ತವೆ, ಔಷಧ ನಡುವೆ ನಿಲ್ಲುತ್ತದೆ. ನೆಲೆಯೂರಿದ ನಿರಾಶ್ರಿತನೂ ವರ್ಷದಲ್ಲಿ ಕೆಲವು ತಿಂಗಳು ವಲಸಿಗನಾಗುತ್ತಾನೆ. ಆದರೆ ಹಿಮಾಚಲದ ಆ ತಪಾಸಣೆಯಲ್ಲಿ ಮಕ್ಕಳಿಗೆ ಎಷ್ಟು ತಿಳಿದಿದೆ ಎಂದು ಕೇಳುತ್ತ ಕೂರದೆ, ತರಗತಿಗೇ ಹೋಗಿ ಎಲ್ಲರನ್ನೂ ಪರೀಕ್ಷಿಸಿ, ಸೋಂಕಿದ್ದವರಿಗೆ ಶಾಲೆಯಲ್ಲಿಯೇ ತಡೆಗಟ್ಟುವ ಚಿಕಿತ್ಸೆ ನುಂಗಿಸಿದರು. ಬಹುಪಾಲು ಮಕ್ಕಳು ಅದನ್ನು ಪೂರ್ತಿ ಮಾಡಿದರು.

ಈ ವರ್ಷ ನನ್ನ ಮಾರ್ಗದರ್ಶನದಲ್ಲಿರುವ ಒಂದು ಪ್ರಬಂಧದಲ್ಲಿ ತಿಳಿವಳಿಕೆಯ ಪ್ರಶ್ನಾವಳಿ ಇಲ್ಲ. ಅದರ ಬದಲಿಗೆ ವಿದ್ಯಾರ್ಥಿನಿ ಗರ್ಭಿಣಿಯರ ತಾಯಿ ಕಾರ್ಡುಗಳನ್ನೇ ಆಧಾರವಾಗಿಟ್ಟುಕೊಂಡು, ಪ್ರತಿಯೊಂದು ಖಾಲಿ ಮನೆಯ ಹಿಂದೆ ಏನಾಯಿತು ಎಂದು ಬರೆದುಕೊಳ್ಳುತ್ತಾಳೆ: ಯಾವ ಕೌಂಟರಿಗೆ ಹೋದರು, ಯಾವ ಕಾಗದ ಕೇಳಿದರು, ಎಷ್ಟು ಹೊತ್ತಿನ ಕೂಲಿ ಹೋಯಿತು, ಮರುಸಲ ಹೋದರೋ ಇಲ್ಲವೋ. ತಿಂಗಳಿಗೊಮ್ಮೆ ಫೋನು. ಹೆರಿಗೆಗೆ ಊರಿಗೆ ಹೋದವರನ್ನು ಅಲ್ಲಿನ ಉಪಕೇಂದ್ರದ ಎ.ಎನ್.ಎಂ. ಮೂಲಕ ಮತ್ತೆ ಹಿಡಿಯುವುದು. ಜೊತೆಗೆ ಆ ನಗರ ಕೇಂದ್ರದ ಎ.ಎನ್.ಎಂ.ಗಳ ಸಂದರ್ಶನ, ಅವರು ಯಾರನ್ನು ಪಟ್ಟಿಗೆ ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ, ಯಾಕೆ ಎಂಬ ಬಗ್ಗೆ. ಅಂಕಗಳಿಲ್ಲದ ಈ ಅಧ್ಯಯನದಲ್ಲಿ ಯಾವ ಪರೀಕ್ಷೆ ಹಾಕುತ್ತೀರಿ ಎಂದು ಸಂಖ್ಯಾಶಾಸ್ತ್ರಜ್ಞರು ಕೇಳಿದ್ದಾರೆ. ಎರಡು ತಪಾಸಣೆಗಳ ನಡುವಿನ ದಿನಗಳ ಅಂತರವನ್ನು ಅಳೆಯುತ್ತೇವೆ ಎಂದಿದ್ದೇವೆ. ನೈತಿಕ ಸಮಿತಿಯಿಂದ ಬಂದ ಆಕ್ಷೇಪ ಒಂದೇ, ಭಾಗವಹಿಸುವವರ ಶಾಶ್ವತ ವಿಳಾಸದ ಪುರಾವೆಯನ್ನು ಒಪ್ಪಿಗೆ ಪತ್ರಕ್ಕೆ ಲಗತ್ತಿಸಬೇಕಂತೆ. ಅದನ್ನು ಕೈಬಿಡುವಂತೆ ಕೋರಿ ಉತ್ತರ ಬರೆದಿದ್ದೇವೆ, ಒಪ್ಪದಿದ್ದರೆ ಖುದ್ದಾಗಿ ಹೋಗಿ ವಾದಿಸಬೇಕು. ತೊಗರಿ ರಾಶಿ ಮುಗಿದು ಜನ ಮತ್ತೆ ಶೆಡ್ಡುಗಳಿಗೆ ಬರುವುದರೊಳಗೆ ಅನುಮತಿ ಸಿಕ್ಕರೆ ಸರಿ, ಇಲ್ಲವಾದರೆ ಇಡೀ ಒಂದು ಗುಳೆಯ ಕಾಲ ಕೈತಪ್ಪುತ್ತದೆ, ಅವಳ ಕೋರ್ಸಿನ ಅವಧಿಯೂ ಅಷ್ಟರಲ್ಲಿ ಮುಗಿದಿರುತ್ತದೆ.